ಅಲುಗುವ ಫರಸಿ

ರಬಕವಿ
೮ ನವೆಂಬರ್ ೨೦೨೩

ಚಿರಂಜೀವಿ ವೈಶಾಲಿಗೆ ಲಗಮಣ್ಣ ಕಾಕಾನ ಆಶೀರ್ವಾದ.

ಬೀರೇಶ್ವರನ ದಯೆಯಿಂದ ನಾನೂ ನಿನ್ನ ಕಾಕಿ ತಂಗೆವ್ವಳೂ ಚೆನ್ನಾಗಿದ್ದೇವೆ. ಅವಳು ಕಳಿಸಿದ ಖಡಕ್ ರೊಟ್ಟಿ ಕಾರವಾರದ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಯಿತಂತೆ. ನಿನಗಿಂತ ರೊಟ್ಟಿಗಾಗಿಯೇ ಹೆಚ್ಚು ಮರುಗಿದಳು.

ಈಗ ಕೆಲಸದ ಮಾತು. ನಮ್ಮ ಶೆಡ್ಡಿನ ನೆಲ ಕೆಟ್ಟಿದೆ. ಮೂವತ್ತು ವರ್ಷದ ಹಿಂದೆ ಉಸುಕು ಹಾಸಿ ಶಹಾಬಾದಿ ಫರಸಿ ಕಲ್ಲು ಕೂರಿಸಿದ್ದರು. ಹನ್ನೆರಡು ಪಾವರ್‌ಲೂಮ್ ಮಗ್ಗಗಳ ನಡುಕಕ್ಕೆ ಉಸುಕು ಕುಸಿದು ಅರ್ಧಕ್ಕರ್ಧ ಕಲ್ಲು ಅಲುಗುತ್ತಿವೆ. ಹೋದ ವಾರ ನಮ್ಮಲ್ಲಿ ನೂಲು ಸುತ್ತುವ ಮಾಯಾ ಕಂಡಿಕೆಯ ಬುಟ್ಟಿ ಹೊತ್ತು ಬರುವಾಗ ಎಡವಿ ಬಿದ್ದಳು. ಮೊಣಕಾಲು ಕುಂಬಳಕಾಯಿ ಆಗಿದೆ. ಮಾಲೀಕರಾದ ಅನಂತಪ್ಪನವರು ತೇರದಾಳದಿಂದ ಬಂದು ನೋಡಿದರು. “ಲಗಮಣ್ಣಾ, ಈ ನೆಲದ ಮ್ಯಾಲ ದಿನಾ ಅಡ್ಡಾಡಾವ ನೀ. ಎಂಥಾದ್ದು ಹಾಕೂಣು ಅನ್ನೂದು ನೀನ ಹೇಳು” ಅಂದರು. ಮಗ್ಗ ಕೆಟ್ಟರೆ ರಿಪೇರಿ ಮಾಡುವ ಜಾಬರ್ ಆಗಿ ಇಪ್ಪತ್ತೆರಡು ವರ್ಷ ಆಯಿತು ನೋಡು, ಆ ಮರ್ಯಾದೆಗೆ ಕೇಳಿದರು.

ನೀನು ಸಿವಿಲ್ ಡಿಪ್ಲೊಮಾ ಮಾಡಿದವಳು. ಸಮುದ್ರದೊಳಗೇ ಕಾಂಕ್ರೀಟ್ ಹಾಕಿಸುತ್ತೀಯಂತೆ, ನಮ್ಮ ಶೆಡ್ಡು ನಿನಗೆ ಯಾವ ಲೆಕ್ಕ! ಯಾವ ನೆಲ ಬಾಳಿಕೆ ಬರುತ್ತದೆ, ಬರೆ. ಫೋನ್ ಮಾಡಬೇಡ. ಬರೆದದ್ದಾದರೆ ನೆಲ ಹಾಕುವ ಗೌಂಡಿಗೆ ತೋರಿಸಬಹುದು.

ಇನ್ನೊಂದು ಹೇಳಲೇಬೇಕು. ಮೊನ್ನೆ ಫರಸಿಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ನಾಲ್ಕನೆಯ ಮಗ್ಗದಲ್ಲಿ ಚರ್ಮದ ಪಟ್ಟಿ ಸವೆದಿದೆ ಎಂದು ಕೂತಲ್ಲಿಂದಲೇ ಹೇಳಿದೆ. ಬಿಚ್ಚಿ ನೋಡಿದರೆ ಹೌದು! ಅನಂತಪ್ಪನವರ ಮಗ ಶ್ರೇಯಸ, “ಲಗಮಣ್ಣ ಕಾಕಾ, ನಿಮ್ಮ ಕಿವಿಗೆ ಬಂಗಾರ ತೊಡಸಬೇಕ್ರಿ” ಅಂದ. ನಿನ್ನ ಕಾಕಾನ ಕಿಮ್ಮತ್ತು ಇನ್ನೂ ಇಳಿದಿಲ್ಲ, ತಿಳಿದುಕೋ.

ಇತಿ,
ಲಗಮಣ್ಣ


ಕಾರವಾರ
೧೫ ನವೆಂಬರ್ ೨೦೨೩

ಕಾಕಾ,

ನಿಮಗೂ ಕಾಕಿಗೂ ನಮಸ್ಕಾರ.

ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಸೈಟಿನಲ್ಲೇ ಕಣ್ಣೀರು ಬಂತು. ಮೂರು ವರ್ಷದಲ್ಲಿ ನೀವಾಗಿ ನನ್ನನ್ನು ಮಾತಾಡಿಸಿದ್ದು ಇದೇ ಮೊದಲು. ಫೋನ್ ಮಾಡಿದಾಗಲೆಲ್ಲ “ತಡಿ, ನಿಮ್ಮ ಕಾಕಿ ಕಡೆ ಕೊಡತೇನಿ” ಎಂದು ಕೊಟ್ಟುಬಿಡುತ್ತೀರಿ. ನಾನೇನು ತಿಳಿಯದವಳೇ? ಕಾಕಿಯ ಅಣ್ಣನ ಮಗ, ಬೀಳಗಿಯ ಪರಮೇಶನನ್ನು ಮದುವೆಯಾಗುವುದಿಲ್ಲ ಎಂದು ಹೇಳಿ ಬಂದೆ. ಎರಡೂ ಮನೆಯವರ ಮುಂದೆ ನಿಮ್ಮ ತಲೆ ತಗ್ಗಿತು. ಅಪ್ಪ ಸತ್ತಾಗಿನಿಂದ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ನೀವು. ನಿಮಗೆ ಸಿಟ್ಟು ಬರುವ ಹಕ್ಕಿದೆ. ಆದರೆ ಕಾಕಾ, ಮೂರು ವರ್ಷ ಬಹಳ ಆಯಿತು. ಸಿಟ್ಟು ಇಳಿದಿದ್ದರೆ ಒಂದು ಸಾಲು ಬರೆಯಿರಿ, ಬಸ್ಸು ಹತ್ತಿ ಬಂದುಬಿಡುತ್ತೇನೆ.

ಇನ್ನು ನೆಲ. ಟೈಲ್ಸ್ ಕಡೆ ಕಣ್ಣೆತ್ತಿಯೂ ನೋಡಬೇಡಿ. ಎಣ್ಣೆ ಬಿದ್ದರೆ ಜಾರುತ್ತದೆ, ಕಬ್ಬಿಣದ ಪಾನಾ ಬಿದ್ದರೆ ಒಡೆಯುತ್ತದೆ. ಫರಸಿ ಎಲ್ಲ ಕೀಳಿಸಿ. ಗರಸು ಮಣ್ಣು ತುಂಬಿ, ನೀರು ಹೊಡೆದು ಗಟ್ಟಿಯಾಗಿ ದಮ್ಮಸು ಮಾಡಿಸಿ. ಅದರ ಮೇಲೆ ಕಬ್ಬಿಣದ ಸಳಿ ಕಟ್ಟಿದ ಆರು ಇಂಚು ಕಾಂಕ್ರೀಟ್, ಹಸಿ ಇರುವಾಗಲೇ ಗಟ್ಟಿ ಮಾಡುವ ಪುಡಿ ಉದುರಿಸಿ ತಿಕ್ಕಿಸಬೇಕು. ಮುಖ್ಯವಾದದ್ದು ಇದು: ಮಗ್ಗದ ಬುಡ ಬೇರೆ, ನೆಲ ಬೇರೆ. ನಡುವೆ ಅರ್ಧ ಇಂಚು ಸಂದು ಬಿಟ್ಟು, ಮಗ್ಗದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಕೊಡಿಸಿ. ನಿಮ್ಮ ನೆಲವನ್ನು ಕೊಂದದ್ದು ಭಾರವಲ್ಲ, ನಡುಕ. ನಡುಕ ನಿಂತರೆ ಐವತ್ತು ವರ್ಷ ಚಿಂತೆಯಿಲ್ಲ. ಹನ್ನೆರಡೂ ಮಗ್ಗ ಓಡುವಾಗ ನೆಲಕ್ಕಿಟ್ಟ ಚಹಾ ಅಲುಗಬಾರದು, ಹಾಗೆ ಮಾಡಿಸುತ್ತೇನೆ.

ನಿಮ್ಮ ಮಗಳು,
ವೈಶಾಲಿ


ರಬಕವಿ
೨೪ ನವೆಂಬರ್ ೨೦೨೩

ಚಿರಂಜೀವಿ ವೈಶಾಲಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಗೌಂಡಿ ಹುಲೆಪ್ಪನಿಗೆ ತೋರಿಸಿದೆ. “ಹುಡುಗಿ ಭಾಳ ಶಾಣ್ಯಾಕಿ ಅದಾಳ” ಅಂದ. ಹೆಮ್ಮೆಯಾಯಿತು. ಆದರೆ ಶಾಣ್ಯಾತನವೆಲ್ಲ ನಮ್ಮ ಶೆಡ್ಡಿಗೆ ಹೊಂದಬೇಕಲ್ಲ.

ರಬ್ಬರೂ ಬೇಡ, ಕಾಂಕ್ರೀಟೂ ಬೇಡ. ಮಗ್ಗದ ಮುಂದೆ ನಾವು ಚಪ್ಪಲಿ ಮೆಟ್ಟುವುದಿಲ್ಲ, ಅನ್ನ ಕೊಡುವ ಜಾಗ ಅದು, ನೀನೂ ಬಲ್ಲೆ. ದಿನವಿಡೀ ಬರಿಗಾಲಲ್ಲಿ ನಿಲ್ಲುವವರಿಗೆ ಚಳಿಗಾಲದಲ್ಲಿ ಕಾಂಕ್ರೀಟ್ ಕೊರೆಯುತ್ತದೆ. ಬೇಸಿಗೆಯಲ್ಲಿ ಸುಡುತ್ತದೆ. ಫರಸಿಯಾದರೆ ಹಾಗಲ್ಲ. ಇದ್ದ ಕಲ್ಲನ್ನೇ ಎಬ್ಬಿಸಿ, ಒಡೆದದ್ದು ಬದಲಿಸಿ, ಹೊಸ ಉಸುಕಿನ ಮೇಲೆ ಕೂರಿಸಿದರೆ ಆಗದೇ? ಇನ್ನು ಹತ್ತು ವರ್ಷ ಬಂದರೆ ಸಾಕು. ಅಷ್ಟರಲ್ಲಿ ನನ್ನ ಕೆಲಸವೂ ಮುಗಿದಿರುತ್ತದೆ.

ಒಂದು ಮಾತು ಬಿಡಿಸಿ ಬರೆ. ರಬ್ಬರ್ ಕೊಟ್ಟರೆ ಮಗ್ಗದ ನಡುಕ ಕಾಲಿಗೆ ಬರುವುದೇ ಇಲ್ಲವೋ, ಸ್ವಲ್ಪವಾದರೂ ಬರುತ್ತದೋ?

ಲಗಮಣ್ಣ


ಕಾರವಾರ
೨ ಡಿಸೆಂಬರ್ ೨೦೨೩

ಕಾಕಾ,

ನಾನು ಕೇಳಿದ್ದಕ್ಕೆ ಉತ್ತರವಿಲ್ಲ. ಪತ್ರವನ್ನು ಎರಡು ಸಲ ತಿರುಗಿಸಿ ನೋಡಿದೆ, ಸಿಟ್ಟಿನ ಸುದ್ದಿಯೇ ಇಲ್ಲ, ಬರೀ ಫರಸಿ. ಆಗಲಿ. ನಾನೂ ಫರಸಿಯನ್ನೇ ಬರೆಯುತ್ತೇನೆ.

ಅಷ್ಟು ಬಿಡಿಸಿ ಬರೆದರೂ ನೀವು ಹಿಡಿದದ್ದನ್ನೇ ಹಿಡಿದಿದ್ದೀರಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಕಥೆ! ಬೇಜಾರಾಗಬೇಡಿ, ಸಣ್ಣವಳಿದ್ದಾಗ ಲೆಕ್ಕ ತಪ್ಪಿದರೆ ನೀವು ನನಗೆ ಹೀಗೇ ಅನ್ನುತ್ತಿದ್ದಿರಿ. ಉಸುಕಿನ ಮೇಲೆ ಕೂರಿಸಿದ ಫರಸಿ ಅಲುಗದೇ ಇರುವುದಿಲ್ಲ. ಅದು ಅದರ ಗುಣ. ಒಂದು ತುದಿ ಮೆಟ್ಟಿದರೆ ಇನ್ನೊಂದು ತುದಿ ಏಳುತ್ತದೆ. ಮಾಯಾಳ ಮೊಣಕಾಲು ಸಾಲದೇ?

ನಡುಕದ ಬಗ್ಗೆ ಕೇಳಿದ್ದೀರಿ. ಹೆದರಬೇಡಿ, ಒಂದಿಷ್ಟೂ ಬರುವುದಿಲ್ಲ. ಕಾಲುನೋವು ಶುರುವಾಗಿದೆಯೇ ಕಾಕಾ? ಇಪ್ಪತ್ತೆರಡು ವರ್ಷ ಆ ನಡುಕದ ಮೇಲೆ ನಿಂತರೆ ಯಾರಿಗಾದರೂ ಬರುತ್ತದೆ. ಹೊಸ ನೆಲದ ಮೇಲೆ ನಿಂತು ನೋಡಿ, ಮಗ್ಗ ಓಡುತ್ತಿದೆಯೋ ನಿಂತಿದೆಯೋ ಎಂಬುದೇ ನಿಮ್ಮ ಕಾಲಿಗೆ ಗೊತ್ತಾಗುವುದಿಲ್ಲ.

ವೈಶಾಲಿ


ರಬಕವಿ
೧೨ ಡಿಸೆಂಬರ್ ೨೦೨೩

ವೈಶಾಲಿ,

ಕಾಲುನೋವು ಇಲ್ಲ. ಫರಸಿಯೇ ಆಗಲಿ ಎಂದು ಅನಂತಪ್ಪನವರಿಗೆ ಹೇಳಿದ್ದೇನೆ. ನೀನು ತ್ರಾಸು ತೆಗೆದುಕೊಂಡು ಬರೆದದ್ದಕ್ಕೆ ಸಂತೋಷ. ಇನ್ನು ಈ ಮಾತು ಬಿಡು.

ಲಗಮಣ್ಣ


ಕಾರವಾರ
೨೦ ಡಿಸೆಂಬರ್ ೨೦೨೩

ಕಾಕಾ,

ಬಿಡುವುದಿಲ್ಲ.

ಮೂರು ಸಾಲು! ಅಪರಿಚಿತರಿಗೂ ಜನ ಇದಕ್ಕಿಂತ ಹೆಚ್ಚು ಬರೆಯುತ್ತಾರೆ. ನಾನು ಒಲ್ಲೆನೆಂದ ಮದುವೆಗೆ ಸಿಟ್ಟಾಗಿ ನಾನು ಹೇಳಿದ ನೆಲವನ್ನೂ ಒಲ್ಲೆನ್ನುತ್ತೀರಿ, ಅಷ್ಟೇ ತಾನೇ? ಸಿಟ್ಟು ನನ್ನ ಮೇಲಿರಲಿ, ಮಾಯಾ ಏನು ಮಾಡಿದ್ದಾಳೆ? ಮಗ್ಗ ನಡೆಸುವ ಯಮನಪ್ಪ ಏನು ಮಾಡಿದ್ದಾನೆ? ನಾಳೆ ನೂಲು ತುಂಬಿದ ಹಾಸಿನ ಭಾರದ ಉರುಳೆ ಹೊತ್ತವರು ಬಿದ್ದರೆ?

ನಿಮ್ಮನ್ನು ಕೇಳದೇ ಒಂದು ಕೆಲಸ ಮಾಡಿದ್ದೇನೆ. ನೆಲದ ನಕ್ಷೆ ಬರೆದು ಶ್ರೇಯಸನ ವಾಟ್ಸಾಪಿಗೆ ಕಳಿಸಿದೆ. ಅವರ ತಂದೆಗೂ ಒಪ್ಪಿಗೆಯಾಗಿದೆ. “ಲಗಮಣ್ಣ ಕಾಕಾ ಹಳೇ ಮಂದಿ, ಆಮ್ಯಾಲೆ ಅವರಽ ಖುಷಿ ಪಡತಾರ ಬಿಡ್ರಿ” ಎಂದು ಶ್ರೇಯಸ ಬರೆದಿದ್ದಾನೆ. ಜನವರಿಯಲ್ಲಿ ಶೆಡ್ಡು ನಿಲ್ಲಿಸಿ ಕೆಲಸ ಹಿಡಿಯುತ್ತಾರೆ. ಈಗ ಬೇಕಾದಷ್ಟು ಬೈಯಿರಿ. ಬೈದಾದರೂ ನಾಲ್ಕು ಸಾಲು ಹೆಚ್ಚು ಬರೆಯಿರಿ.

ವೈಶಾಲಿ


ರಬಕವಿ
೧೧ ಫೆಬ್ರುವರಿ ೨೦೨೪

ಚಿರಂಜೀವಿ ವೈಶಾಲಿಗೆ ಆಶೀರ್ವಾದ.

ನೆಲ ಮುಗಿಯಿತು. ಹುಲೆಪ್ಪ ನಿನ್ನ ನಕ್ಷೆ ಹಿಡಿದು ಒಂದು ನೂಲೂ ಹೆಚ್ಚು ಕಡಿಮೆ ಆಗದಂತೆ ಮಾಡಿದ್ದಾನೆ. ಇಪ್ಪತ್ತೊಂದು ದಿನ ನೀರುಣಿಸಿದೆವು. ಸೋಮವಾರ ಪೂಜೆ ಮಾಡಿ ಮಗ್ಗ ಚಾಲೂ ಮಾಡಿದರು.

ನೀನು ಹೇಳಿದ್ದು ಖರೆ. ನೆಲ ಒಂದಿಷ್ಟೂ ನಡುಗುವುದಿಲ್ಲ. ಶ್ರೇಯಸ ನಿನ್ನ ಮಾತು ನೆನಪಿಟ್ಟು ಚಹಾದ ಕಪ್ಪು ಕೆಳಗಿಟ್ಟು ಎಲ್ಲರಿಗೂ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮೊದಲ ದಿನ ನಾನು ಶೆಡ್ಡಿನ ನಡುವೆ ಬಹಳ ಹೊತ್ತು ನಿಂತಿದ್ದೆ. ಹೊಸ ಊರಿಗೆ ಬಂದ ಹಾಗಿತ್ತು.

ನಿನ್ನ ಮೇಲೆ ಸಿಟ್ಟಿಲ್ಲ.

ಲಗಮಣ್ಣ


ಕಾರವಾರ
೧೯ ಫೆಬ್ರುವರಿ ೨೦೨೪

ಕಾಕಾ!

ಕೊನೆಯ ಸಾಲನ್ನು ಹತ್ತು ಸಲ ಓದಿದೆ. ನೆಲ ಗೆದ್ದದ್ದಕ್ಕಿಂತ ಅದೇ ದೊಡ್ಡ ಸುದ್ದಿ. ಇಲ್ಲಿ ಗೆಳತಿಯರಿಗೆಲ್ಲ ಕರದಂಟು ಹಂಚಿದೆ. ಈಗ ಒಂದು ಸಲ ಫೋನಿನಲ್ಲಿ ಮಾತಾಡೋಣ ಅಲ್ಲವೇ? ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಡುತ್ತೇನೆ. ಕಾಕಿಗೆ ಕೊಡಬೇಡಿ.

ವೈಶಾಲಿ


ಕಾರವಾರ
೧೮ ಮಾರ್ಚ್ ೨೦೨೪

ಕಾಕಾ,

ಆ ಭಾನುವಾರ ಮಾಡಿದೆ, ಮುಂದಿನ ಭಾನುವಾರವೂ ಮಾಡಿದೆ. ಎರಡು ಸಲವೂ ಕಾಕಿಯೇ ಎತ್ತಿದರು. “ಅವರು ಹೊರಗ ಹೋಗ್ಯಾರವ್ವ” ಅಂದರು. ಹಿಂದುಗಡೆ ನಿಮ್ಮ ಕೆಮ್ಮು ಕೇಳಿಸುತ್ತಿತ್ತು ಕಾಕಾ. ಪತ್ರದಲ್ಲಿ ಸಿಟ್ಟಿಲ್ಲ ಎಂದು ಬರೆದು, ಮನೆಯಲ್ಲೇ ಕೂತು ಹೊರಗಿದ್ದೇನೆ ಎಂದು ಹೇಳಿಸುವುದು ಯಾವ ನ್ಯಾಯ? ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಇನ್ನು ನಾನು ಬರೆಯುವುದಿಲ್ಲ, ಫೋನೂ ಮಾಡುವುದಿಲ್ಲ.

ವೈಶಾಲಿ


ರಬಕವಿ
೨ ಏಪ್ರಿಲ್ ೨೦೨೪

ಮಗಳೇ,

ಇದನ್ನು ಒಬ್ಬಳೇ ಕೂತು ಓದು.

ಮಾರ್ಚ್ ಇಪ್ಪತ್ತೊಂದರಂದು, ಗುರುವಾರ ಮಧ್ಯಾಹ್ನ, ಏಳನೆಯ ಮಗ್ಗದಿಂದ ಲಾಳಿ ಹಾರಿತು. ಲಾಳಿಯ ಮೂತಿಗೆ ಕಬ್ಬಿಣ ಇರುತ್ತದೆ, ಹಾರಿದರೆ ಕಲ್ಲೇಟಿಗಿಂತ ಕಡೆ. ಎದುರು ಮಗ್ಗದಲ್ಲಿ ನಿಂತಿದ್ದ ಯಮನಪ್ಪನ ಕಣ್ಣಿನ ಕೆಳಗೆ ಬಡಿಯಿತು. ಎಲುಬು ಮುರಿದಿದೆ. ಜಮಖಂಡಿಯಲ್ಲಿ ಆಗುವುದಿಲ್ಲ ಎಂದರು, ಮೀರಜಿಗೆ ಒಯ್ದೆವು. ಕಣ್ಣು ಉಳಿದಿದೆ, ನೋಟ ಮಂಜಾಗಿದೆ. ಪೂರ್ತಿ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ.

ಲಾಳಿ ಸುಮ್ಮನೆ ಹಾರುವುದಿಲ್ಲ. ಮೊದಲು ಹೊಡೆತ ಕೆಡುತ್ತದೆ, ತಾಳ ತಪ್ಪುತ್ತದೆ, ತಾಸು ಎರಡು ತಾಸು ಮಗ್ಗ ಕೂಗಿ ಕೂಗಿ ಹೇಳುತ್ತದೆ. ಅದನ್ನು ತಿಳಿದು ನಿಲ್ಲಿಸುವವನೇ ಜಾಬರ್. ನಾನು ಆ ಮಗ್ಗಕ್ಕೆ ಬೆನ್ನು ಮಾಡಿ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮೀರಜಿನಲ್ಲಿ ಯಮನಪ್ಪ ಏನೋ ಅಂದ. ಅವನ ಬಾಯಿ ಊದಿತ್ತು, ತುಟಿ ನೋಡಿ ನನಗೆ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ನಿನ್ನ ಕಾಕಿಯನ್ನು ಕೇಳಿದೆ, ಅವಳು ನಿಧಾನಕ್ಕೆ ತುಟಿ ಆಡಿಸಿ ತಿಳಿಸಿದಳು: “ಏಳನೇದ್ದು ಕೆಟ್ಟ ಹೊಡ್ಯಾಕತ್ತಿತ್ತು ಲಗಮಣ್ಣಾ. ನಮಗೆಲ್ಲಾ ಕೇಳತಿತ್ತು. ನೀ ಅಲ್ಲೇ ನಿಂತಿದ್ದಿ ಅಂತ ಸುಮ್ಮನಿದ್ದೆ.”

ನೀ ಅಲ್ಲೇ ನಿಂತಿದ್ದಿ ಅಂತ ಸುಮ್ಮನಿದ್ದೆ. ಅಂದಿನಿಂದ ಈ ಮಾತು ನನ್ನನ್ನು ಊಟಕ್ಕೂ ಕೂರಗೊಡುತ್ತಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ ವೈಶಾಲಿ. ಒಂದೇ ದಿನಕ್ಕೆ ಹೋದದ್ದಲ್ಲ. ಬಲಗಿವಿ ಹೋಗಿ ಏಳು ವರ್ಷ ಆಯಿತು. ಎಡಗಿವಿ ಹೋದದ್ದು ನೀನು ಕಾರವಾರಕ್ಕೆ ಹೋದ ವರ್ಷ. ಜಾಬರ್ ಆಗುವ ಮೊದಲು ನೇಯ್ದದ್ದೂ ಸೇರಿ ಮೂವತ್ತು ವರ್ಷದ ಮಗ್ಗದ ಸದ್ದು ತಿಂದುಹಾಕಿತು. ಶೆಡ್ಡಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಆ ಗದ್ದಲದಲ್ಲಿ ಕಿವಿ ಇದ್ದವರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿಯುತ್ತಾರೆ. ಕಿವುಡನಿಗೆ ಅದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇಲ್ಲ. ಮಗ್ಗದ ಹೊಡೆತವನ್ನು ನಾನು ಅಂಗಾಲಿನಿಂದ ತಿಳಿಯುತ್ತಿದ್ದೆ. ಪ್ರತಿ ಮಗ್ಗದ ನಡುಕ ಬೇರೆ, ಫರಸಿ ಅದನ್ನು ಕಾಲಿಗೆ ತಂದುಕೊಡುತ್ತಿತ್ತು. ಶ್ರೇಯಸ ಬಂಗಾರ ತೊಡಿಸಬೇಕಾಗಿದ್ದು ಕಿವಿಗಲ್ಲ.

ಅದಕ್ಕೇ ಫರಸಿ ಫರಸಿ ಎಂದು ಹಟ ಹಿಡಿದೆ. ಚಳಿ, ಬಿಸಿಲು ಎಲ್ಲ ಸುಳ್ಳು. ಕಾರಣ ಬರೆದಿದ್ದರೆ ನೀನು ಬೇರೆ ನಕ್ಷೆ ಬರೆಯುತ್ತಿದ್ದೆ. ಬರೆಯಲಿಲ್ಲ. ಕಿವುಡ ಜಾಬರನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಿನ್ನ ಕಾಕಿಗೆ ಬೀರೇಶ್ವರನ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಹಾಕಿಸಿದ್ದೆ. ಪಾಪ, ನಿನ್ನ ಎದುರು ಸುಳ್ಳು ಹೇಳಿ ಹೇಳಿ ಅವಳು ಅಡುಗೆಮನೆಯಲ್ಲಿ ಅತ್ತದ್ದುಂಟು.

ಇನ್ನು ಪರಮೇಶನ ವಿಷಯ. ನೀನು ಒಲ್ಲೆ ಅಂದ ದಿನವೇ ನನಗೆ ಸಿಟ್ಟಿರಲಿಲ್ಲ. ಆದರೆ ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ ಎನ್ನುವುದಕ್ಕೆ ನೀನೇ ಒಂದು ಕಾರಣ ಹುಡುಕಿಕೊಂಡೆ. ನಾನು ಅದನ್ನು ಹಾಗೇ ಇರಲು ಬಿಟ್ಟೆ. ಸಿಟ್ಟಿನ ಮನುಷ್ಯನಿಗೆ ಜನ ಅಂಜುತ್ತಾರೆ, ಕಿವುಡನನ್ನು ನೋಡಿ ನಗುತ್ತಾರೆ. ಅಂಜಿಸಿಕೊಳ್ಳುವುದೇ ಮೇಲು ಅನ್ನಿಸಿತು. ಮೂರು ವರ್ಷ ನಿನ್ನನ್ನು ಅಳಿಸಿ ನನ್ನ ಮಾನ ಉಳಿಸಿಕೊಂಡೆ. ಅದರ ಮೇಲೆ ಯಮನಪ್ಪನ ಕಣ್ಣು.

ನಾಳೆ ತೇರದಾಳಕ್ಕೆ ಹೋಗಿ ಅನಂತಪ್ಪನವರಿಗೆ ಹೇಳುತ್ತೇನೆ. ನಿನಗೆ ಮೊದಲು ಹೇಳಬೇಕೆನಿಸಿತು.

ಲಗಮಣ್ಣ ಕಾಕಾ


ಕಾರವಾರ
೯ ಏಪ್ರಿಲ್ ೨೦೨೪

ಕಾಕಾ,

ಪತ್ರ ಬಂದು ಮೂರು ದಿನವಾಯಿತು. ಬರೆಯಲು ಕೂತರೆ ಕೋಣ, ಕಿನ್ನರಿ ಎಂದು ಬರೆದದ್ದು ನೆನಪಾಗಿ ಕೈ ನಿಲ್ಲುತ್ತದೆ. ಮಗ್ಗ ಓಡುತ್ತಿದೆಯೋ ನಿಂತಿದೆಯೋ ನಿಮ್ಮ ಕಾಲಿಗೆ ಗೊತ್ತಾಗುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೆ. ನೀವು ಅದನ್ನು ಓದಿ ಫರಸಿಯೇ ಆಗಲಿ ಎಂದು ಮೂರು ಸಾಲು ಬರೆದಿರಿ. ನಾನು ಸಾಲು ಎಣಿಸಿದೆ.

ಆದರೆ ನನಗೆ ಸಿಟ್ಟೂ ಬಂದಿದೆ, ಮುಚ್ಚಿಡುವುದಿಲ್ಲ. ನೀವು ಹೇಳಬೇಕಿತ್ತು. ಅನಂತಪ್ಪನವರಿಗೆ ಬೇಡ, ನನಗೆ. ನಾನು ನಗುತ್ತಿದ್ದೆನೇ? ನಿಮ್ಮ ಮಾನಕ್ಕಿಂತ ಯಮನಪ್ಪನ ಕಣ್ಣು ದೊಡ್ಡದು ಎಂದು ಬೇರೆಯವರಾದರೆ ನೀವೇ ಬೈಯುತ್ತಿದ್ದಿರಿ. ನಿಮ್ಮನ್ನು ಕೇಳದೇ ನಕ್ಷೆ ಕಳಿಸಿದ್ದು ನನ್ನ ತಪ್ಪು. ಅದನ್ನು ನೀವು ಒಂದು ಸಲವೂ ಎತ್ತಿ ಆಡಲಿಲ್ಲ, ಅದಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ.

ದಾರಿ ಇದೆ ಕಾಕಾ. ಪ್ರತಿ ಮಗ್ಗದ ಮುಂದೆ ಎರಡು ಅಡಿ ಕಾಂಕ್ರೀಟ್ ಕೊಯ್ದು ತೆಗೆಯೋಣ. ಅಲ್ಲಿ ಒಂದು ಫರಸಿ, ಅದರ ತುದಿಯನ್ನು ರಬ್ಬರಿನ ಮೇಲಿರುವ ಮಗ್ಗದ ಚೌಕಟ್ಟಿಗೇ ಬಿಗಿಯೋಣ. ನಡುಕ ನೇರ ಕಲ್ಲಿಗೆ ಬರುತ್ತದೆ, ಉಳಿದ ನೆಲ ಗಟ್ಟಿಯಾಗಿಯೇ ಇರುತ್ತದೆ. ನಕ್ಷೆ ಇದರ ಜೊತೆ ಇದೆ. ಈ ಸಲ ಶ್ರೇಯಸನಿಗೆ ಕಳಿಸಿಲ್ಲ. ನೀವು ನೋಡಿ, ಹೂಂ ಎನ್ನಿ. ಕಿವಿಯನ್ನೂ ತೋರಿಸೋಣ, ಈಗ ಒಳ್ಳೆಯ ಯಂತ್ರಗಳು ಬಂದಿವೆ.

ನಿಮ್ಮ ವೈಶಾಲಿ


ರಬಕವಿ
೨೨ ಏಪ್ರಿಲ್ ೨೦೨೪

ಮಗಳೇ,

ನಕ್ಷೆ ನೋಡಿದೆ. ಬಹಳ ಛಲೋ ಇದೆ. ಹುಲೆಪ್ಪನಿಗೆ ತೋರಿಸಲಿಲ್ಲ, ನನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡೆ.

ಹನ್ನೆರಡು ಕಲ್ಲು ಹಾಕಿಸಬಹುದು. ಆದರೆ ಯಮನಪ್ಪನ ಕಣ್ಣಿಗೆ ಕಟ್ಟಿದ ಬಟ್ಟೆ ನೋಡಿದ ಮೇಲೆ ನನ್ನ ಕಾಲನ್ನು ನಾನೇ ನಂಬಲಾರೆ. ಒಂದು ಸಲ ಬಿದ್ದರೂ ಮತ್ತೆ ಏಳಬಹುದು ಎನ್ನುವುದು ನಾನೊಬ್ಬನೇ ಬೀಳುವುದಾದರೆ ಸರಿ. ಅನಂತಪ್ಪನವರಿಗೆ ಎಲ್ಲ ಹೇಳಿದೆ. ಅವರು ಕುರ್ಚಿ ಹತ್ತಿರ ಎಳೆದರು. ಆಮೇಲೆ ನನಗೆ ತಿಳಿಯಲೆಂದು ಮುಖ ಎದುರಿಗೆ ತಂದು, “ಇಷ್ಟು ವರ್ಷ ನನ್ನ ಮುಂದ ಕಾಲ್ಲೇ ಕೇಳಿದ್ಯಲ್ಲೋ ಮಾರಾಯಾ” ಅಂದರು. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಕೆಲಸ ಬಿಟ್ಟೆ. ಯಮನಪ್ಪನ ಮನೆಗೆ ದಿನಾ ಹೋಗುತ್ತೇನೆ. ಅವನ ಹೆಂಡತಿ ನನಗೆ ಚಹಾ ಕೊಡುತ್ತಾಳೆ, ಮುಖ ಕೊಡುವುದಿಲ್ಲ. ಅದು ನ್ಯಾಯವೇ.

ಜಾಬರ್ ಕೆಲಸವನ್ನು ಮಾಯಾ ಕಲಿಯುತ್ತಿದ್ದಾಳೆ. ನಾನೇ ಅವಳ ಹೆಸರು ಹೇಳಿದೆ. ಆ ದಿನ ಏಳನೆಯ ಮಗ್ಗ ಕೆಟ್ಟದ್ದನ್ನು ಮೊದಲು ಕೇಳಿ, ಆಚೆ ತುದಿಯಿಂದ ನನಗೆ ಕೈ ಬೀಸಿದವಳು ಅವಳು, ನಾನು ನೋಡಲಿಲ್ಲ. ಬೆಳಿಗ್ಗೆ ಒಂದು ತಾಸು ಹೋಗಿ ಕಲಿಸಿ ಬರುತ್ತೇನೆ. ಕಿವಿಯ ಯಂತ್ರವನ್ನೂ ಹಾಕಿ ನೋಡಿದೆ ಜಮಖಂಡಿಯಲ್ಲಿ. ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಸಾಕು ಎಂದೆ.

ಹೋಗುವಾಗ ಏನು ಬೇಕು ಕೇಳು ಎಂದರು ಅನಂತಪ್ಪನವರು. ಶೆಡ್ಡಿನ ಹಿಂದೆ ಒಟ್ಟಿದ ಹಳೆಯ ಫರಸಿಯಲ್ಲಿ ಒಂದು ಕಲ್ಲು ಬೇಡಿದೆ. ನಾಲ್ಕು ಅಡಿ ಉದ್ದದ್ದು, ನಾಲ್ಕನೆಯ ಮಗ್ಗದ ಮುಂದಿನದು. ಹುಲೆಪ್ಪ ಗಾಡಿಯಲ್ಲಿ ಹಾಕಿಕೊಂಡು ಬಂದು ಮನೆಯಲ್ಲಿ ಕೂರಿಸಿದ. ಸಿಮೆಂಟು ಕಲಸಲು ಹೋದ, ಬೇಡ ಎಂದೆ, ಬರೀ ಉಸುಕು ಹಾಸಿಸಿದೆ. ಅಲುಗುವುದು ಅದರ ಗುಣ ಎಂದು ನೀನೇ ಬರೆದಿದ್ದೆ. ಒಂದು ತುದಿ ತಲೆಬಾಗಿಲ ಒಳಗೆ ಇದೆ, ಇನ್ನೊಂದು ತುದಿ ನಾನು ಕೂರುವಲ್ಲಿ, ನನ್ನ ಕಾಲ ಕೆಳಗೆ.

ಈಗ ಯಾರು ಬಂದರೂ ತಿಳಿಯುತ್ತದೆ. ನಿನ್ನ ಕಾಕಿ ಕೊಡ ಹೊತ್ತು ಬಂದರೆ ಒಂದು ಥರ, ಬರಿಗೈಯಲ್ಲಿ ಬಂದರೆ ಒಂದು ಥರ. ಹುಲೆಪ್ಪ ಎರಡೂ ಕಾಲು ಒಮ್ಮೆಲೇ ಇಡುತ್ತಾನೆ, ಕತ್ತೆ. ಮಾಯಾ ಒಂದು ಕಾಲು ಎಳೆಯುತ್ತಾಳೆ, ಮೊಣಕಾಲು ಇನ್ನೂ ಪೂರ್ತಿ ಹೋಗಿಲ್ಲ. ಮುಖ ಎತ್ತಿ ನೋಡದೇ ಹೆಸರು ಹೇಳುತ್ತೇನೆ, ಎಲ್ಲರೂ ಬೆರಗಾಗುತ್ತಾರೆ.

ನಿನ್ನ ಹೆಜ್ಜೆ ಮಾತ್ರ ಈ ಕಲ್ಲಿಗೆ ಗೊತ್ತಿಲ್ಲ. ಬಸ್ಸು ಹತ್ತು. ಬರುವ ದಿನ ತಿಳಿಸಬೇಡ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ಬರಿಗಾಲಿಡು. ನಾನು ಬೆನ್ನು ಮಾಡಿ ಕೂತಿರುತ್ತೇನೆ.

ನಿನ್ನ ಕಾಕಾ,
ಲಗಮಣ್ಣ